ಗೇರ್‌ಬಾಕ್ಸ್ ಕ್ಲೆಲ್ ಮತ್ತು ಮೇಷ್ಟರ ಕಾಲು ಇಂಚು

ಜುಲೈ ತಿಂಗಳ ಎರಡನೆಯ ಶನಿವಾರ, ಬೆಳಗ್ಗೆ ಹನ್ನೊಂದರ ಸುಮಾರಿಗೆ, ನಾರಿಸ್ ಯೋಕಮ್‌ನ ಕಾರು ತನ್ನಷ್ಟಕ್ಕೆ ತಾನೇ ನಡೆದುಹೋಗಿ ಚರ್ಚಿನ ಹೆಂಗಸರು ಸಿಹಿ ಪೈ ಮಾರಲು ಹಾಕಿದ್ದ ಮೇಜಿಗೆ ಮುತ್ತಿಟ್ಟಿತು. ನಾರಿಸ್ ಕ್ಲಚ್ಚನ್ನು ಎಡಗಾಲಿನಿಂದ ನೆಲಕ್ಕಂಟುವಂತೆ ಒತ್ತಿ ಹಿಡಿದಿದ್ದ. ಕ್ಲಚ್ ಒತ್ತಿದ ಮೇಲೆ ಎಂಜಿನ್ನಿಗೂ ಚಕ್ರಕ್ಕೂ ಸಂಬಂಧ ಕಡಿದುಹೋಗಬೇಕು. ಅದು ಕಾರುಗಳ ಲೋಕದ ಧರ್ಮ. ಅವನ ಕಾರು ಆ ಧರ್ಮ ಬಿಟ್ಟಿತ್ತು. ಮೊದಲನೆ ಗೇರಿಗೆ ಹಾಕಿದ್ದೇ ತಡ, ಮದುವೆಮನೆಯಲ್ಲಿ ಊಟದೆಲೆಯ ಕಡೆಗೆ ಸರಿಯುವ ದೂರದ ನೆಂಟನ ಹಾಗೆ ಮೆಲ್ಲಗೆ, ನಾಚಿಕೆಯಿಲ್ಲದೆ, ಮುಂದಕ್ಕೆ ಸರಿಯಿತು. ನಾರಿಸ್ ಗಾಬರಿಯಲ್ಲಿ ಬ್ರೇಕ್ ತುಳಿಯುವ ಹೊತ್ತಿಗೆ ಮೇಜಿನ ಒಂದು ಕಾಲು ಮಡಿಸಿಕೊಂಡಿತ್ತು, ರುಬಾರ್ಬ್ ಎಂಬ ಹುಳಿದಂಟಿನ ಆರು ಪೈಗಳು ಬಾನೆಟ್ಟಿನ ಮೇಲೆ ಸಾಲಾಗಿ ಬಂದು ಕೂತಿದ್ದವು.

ಯಾರಿಗೂ ಪೆಟ್ಟಾಗಲಿಲ್ಲ. ಆಗಿದ್ದರೆ ಒಳ್ಳೆಯದಿತ್ತು ಎಂದು ನಾರಿಸ್‌ಗೆ ಅನ್ನಿಸಿತು. ಮುಖ್ಯವಾಗಿ ತನಗೇ ಆಗಿದ್ದರೆ. ಪೆಟ್ಟಾದವನನ್ನು ನೋಡಿ ಜನ ನಗುವುದಿಲ್ಲ.

ಟಾಲ್ಮನ್ ಊರಿನ ರೇಸ್ ಪಟ್ಟಿ ಅಂದರೆ, ಕಾರುಗಳು ಎರಡೆರಡಾಗಿ ನೇರ ಓಡಿ ಪಂದ್ಯ ಕಟ್ಟಲು, ಜೋಳದ ಹೊಲಕ್ಕೂ ಸೋಯಾ ಹೊಲಕ್ಕೂ ನಡುವೆ ಹಾಸಿದ ಒಂದು ಫರ್ಲಾಂಗಿಗಿಂತ ಸ್ವಲ್ಪ ಉದ್ದನೆಯ ಡಾಂಬರು. ಅಲ್ಲಿ ಬೇಸಗೆಯ ಶನಿವಾರ ಇಡೀ ಊರು ಇರುತ್ತದೆ. ನಾರಿಸ್ ಆ ಊರಿನ ಹೈಸ್ಕೂಲಿನಲ್ಲಿ ಇಪ್ಪತ್ತೆರಡು ವರ್ಷದಿಂದ ರೇಖಾಗಣಿತ ಹೇಳಿಕೊಟ್ಟವನಾದ್ದರಿಂದ ಅಲ್ಲಿ ನಕ್ಕವರಲ್ಲಿ ಅರ್ಧ ಜನ ಅವನ ಕೈಯಲ್ಲಿ ಒಂದಲ್ಲ ಒಂದು ಸಲ ನಪಾಸಾಗಿದ್ದರು. ಅಂಥವರ ನಗುವಿಗೆ ಬೇರೆಯದೇ ಆದ ಒಂದು ಆಳವಿರುತ್ತದೆ.

ಸಾಲದ್ದಕ್ಕೆ ಡಬ್ ಎವರ್ಸೋಲ್. ಡಬ್ ವಾರವಿಡೀ ಬೀಜ ಗೊಬ್ಬರದ ಅಂಗಡಿ ನಡೆಸುತ್ತಾನೆ, ಶನಿವಾರ ಮೈಕು ಹಿಡಿಯುತ್ತಾನೆ. ಅವತ್ತು ಅಟ್ಟಣೆಯಿಂದ ಇಳಿದು, ಉದ್ದನೆಯ ವೈರು ಎಳೆದುಕೊಂಡು, ಕಾರಿನ ಕಿಟಕಿಗೇ ಬಂದ.

"ಮೇಷ್ಟ್ರೇ, ಪೈ ಬೇಕಿದ್ರೆ ಎಲ್ರ ಥರ ಕ್ಯೂನಲ್ಲಿ ನಿಲ್ಬೇಕಪ್ಪ. ಕಾರಲ್ಲೇ ಬರೋದಾ?" ಧ್ವನಿವರ್ಧಕದಲ್ಲಿ ಇಡೀ ಹೊಲಕ್ಕೆ ಕೇಳಿಸಿತು. "ಏನಾಯ್ತು ಹೇಳಿ, ಜನ ಕಾಯ್ತಾ ಇದಾರೆ."

ಮೈಕು ಮೂತಿಯ ಹತ್ತಿರ ಬಂದಾಗ ಮನುಷ್ಯನ ಬಾಯಿಂದ ಏನು ಬರುತ್ತದೋ ದೇವರೇ ಬಲ್ಲ. ನಾರಿಸ್‌ನ ಬಾಯಿಂದ ಬಂದದ್ದು ಇಷ್ಟು:

"ಗೇರ್‌ಬಾಕ್ಸು. ಕ್ಲೆಲ್ ಕಟ್ಟಿಕೊಟ್ಟಿದ್ದು. ಸರಿಯಿಲ್ಲ ಅದು."

ಹದಿನೈದು ಹೆಜ್ಜೆ ದೂರದಲ್ಲಿ ಕ್ಲೆಲ್ ರ್ಯಾನ್ಸ್‌ಬಾಟಮ್ ನಿಂತಿದ್ದ. ಅವನ ಕೈಯಲ್ಲಿ ಬನ್ನಿಗಿಂತ ಮೂರು ಪಟ್ಟು ಅಗಲದ ಹಂದಿಮಾಂಸದ ಹಪ್ಪಳದಂಥ ಟೆಂಡರ್ಲಾಯಿನ್ ಇತ್ತು. ಅವನು ಕಾರನ್ನು ನೋಡಿದ, ನಾರಿಸ್‌ನನ್ನು ನೋಡಿದ, ಅಗಿಯುವುದನ್ನು ಮುಂದುವರಿಸಿದ.

ಕ್ಲೆಲ್‌ಗೆ ಆಗ ಅರವತ್ತೆಂಟು. ಮೂವತ್ತೊಂದು ವರ್ಷ ಟ್ರ್ಯಾಕ್ಟರ್ ಕಾರ್ಖಾನೆಯಲ್ಲಿ ಗೇರಿನ ಹಲ್ಲು ಅರೆದವನು. ಅದಕ್ಕೆ ಪ್ರತಿಯಾಗಿ ಗೇರುಗಳು ಅವನ ಎಡಗೈಯ ಎರಡು ಬೆರಳ ತುದಿಗಳನ್ನು ಅರೆದುಕೊಂಡಿದ್ದವು. ಕಾರ್ಖಾನೆ ಬಿಟ್ಟಮೇಲೆ ಮನೆಯ ಹಿಂದಿನ ಹಾಲಿನ ಕೋಣೆಯಲ್ಲಿ, ಹಿಂದೆ ಹಾಲು ತುಂಬಿದ ಕ್ಯಾನುಗಳನ್ನು ತಣ್ಣಗಿಡುತ್ತಿದ್ದ ಸಿಮೆಂಟು ತೊಟ್ಟಿಯ ಮೇಲೆ ಹಲಗೆ ಹಾಕಿ, ಗೇರ್‌ಬಾಕ್ಸ್ ಬಿಚ್ಚಿ ಕಟ್ಟುವ ಕೆಲಸಕ್ಕೆ ಕೂತ. ಬೋರ್ಡು ಹಾಕಲಿಲ್ಲ. ಸುತ್ತಲ ಮೂರು ಕೌಂಟಿಯ ಕಾರು ಹುಚ್ಚರೆಲ್ಲ ತಾವಾಗಿ ಹುಡುಕಿಕೊಂಡು ಬರುತ್ತಿದ್ದರು. ಮಾತು ಕಡಿಮೆ. ಅವನ ಹೆಂಡತಿ ಮಾರೀನ್ ಹೇಳುವಂತೆ, ಅವನು ಮದುವೆಯ ಪ್ರಸ್ತಾಪ ಮಾಡಿದ್ದೂ "ಏನಂತೀಯಾ" ಎಂಬ ಒಂದೇ ಪದದಲ್ಲಿ. ಅದು ಪ್ರಸ್ತಾಪ ಎಂದು ಅವಳಿಗೆ ತಿಳಿಯಲು ಎರಡು ದಿನ ಹಿಡಿಯಿತಂತೆ.

ಕ್ಲೆಲ್‌ನದೊಂದು ಪದ್ಧತಿ ಇತ್ತು. ಕಟ್ಟಿದ ಗೇರ್‌ಬಾಕ್ಸನ್ನು ಒಯ್ಯಲು ಬಂದವನ ಕೈಗೆ, ಬ್ರೆಡ್ಡಿನ ಮೇಣದ ಕಾಗದದಲ್ಲಿ ಸುತ್ತಿದ ಒಂದು ಪುಟ್ಟ ಪೊಟ್ಟಣ ಇಡುತ್ತಿದ್ದ. ಒಳಗೆ ನಿಂಬೆಹಣ್ಣಿನ ಗಾತ್ರದ ನೀಲಿ ಮಣ್ಣು. ಶಿಶುವಿಹಾರದ ಮಕ್ಕಳು ಆನೆ, ಹಾವು ಮಾಡುವಂಥದ್ದು. ಗೇರ್‌ಬಾಕ್ಸಿನ ಮೂತಿಯಿಂದ ಒಂದು ಶಾಫ್ಟು ಮುಂದಕ್ಕೆ ಚಾಚಿರುತ್ತದಷ್ಟೆ. ಅದರ ತುದಿ ಎಂಜಿನ್ನಿನ ಬೆನ್ನಲ್ಲಿರುವ ಗುಳಿಯೊಳಗೆ ಹೋಗಿ ಕೂರಬೇಕು, ಆದರೆ ಗುಳಿಯ ತಳ ಮುಟ್ಟಬಾರದು. ತುದಿಗೂ ತಳಕ್ಕೂ ನಡುವೆ ಉಸಿರಾಡಲು ಜಾಗ ಬೇಕು. ಆ ಜಾಗ ಕಣ್ಣಿಗೆ ಕಾಣುವುದಿಲ್ಲ, ಕೈಗೆ ಸಿಗುವುದಿಲ್ಲ. ಆದ್ದರಿಂದ ಮಣ್ಣು. ಕ್ಲೆಲ್ ಎಲ್ಲರಿಗೂ ಹೇಳುತ್ತಿದ್ದದ್ದು ಒಂದೇ: "ಗುಳೀಲಿ ಮಣ್ಣಿಡು. ಬಾಕ್ಸ್ ಕೂರ್ಸು. ಬಿಚ್ಚು. ಉಳಿದ ಮಣ್ಣೆಷ್ಟು ದಪ್ಪ ಅಂತ ನೋಡು." ಆಮೇಲೆ, ಬಾಗಿಲವರೆಗೂ ಬಂದು, ಇನ್ನೊಂದು: "ಕೈಯಲ್ಲಿ ಕೂರದಿದ್ರೆ ಬೋಲ್ಟ್ ಹಾಕಿ ಎಳೀಬೇಡ."

ನಾರಿಸ್‌ಗೂ ಪೊಟ್ಟಣ ಸಿಕ್ಕಿತ್ತು. ಮೇ ತಿಂಗಳಲ್ಲಿ. ಅವನಿಗೆ ಅವಮಾನವಾಗಿತ್ತು. ಪೈಥಾಗೊರಸನನ್ನು ಇಪ್ಪತ್ತೆರಡು ವರ್ಷ ಸಾಕಿದವನ ಕೈಗೆ ಮಕ್ಕಳ ಮಣ್ಣು. ಅವನು ಮನೆಗೆ ಬಂದು ಕಾರು ರಿಪೇರಿಯ ಪುಸ್ತಕ ತೆಗೆದ, ಶಾಫ್ಟನ್ನು ಅಳೆದ, ಗುಳಿಯ ಆಳವನ್ನು ಪುಸ್ತಕದಿಂದ ಬರೆದುಕೊಂಡ, ಕಳೆದ, ಚೌಕದ ಹಾಳೆಯಲ್ಲಿ ಚಿತ್ರ ಬರೆದು ಕೆಳಗೆ ಎರಡು ಗೆರೆ ಎಳೆದ. ಲೆಕ್ಕ ತಪ್ಪಿರಲಿಲ್ಲ. ಆದರೆ ಅವನ ಡಾರ್ಟ್ ಕಾರಿನ ಎಂಜಿನ್ನು ಹಿಂದೆ ತಾನೇ ಗೇರ್ ಬದಲಿಸಿಕೊಳ್ಳುವ ಸೋಮಾರಿ ಕಾರೊಂದರಲ್ಲಿ ಇದ್ದದ್ದು. ಅಂಥ ಎಂಜಿನ್ನಿಗೆ ಈ ಶಾಫ್ಟಿನ ಗೊಡವೆಯೇ ಇಲ್ಲ; ಆದ್ದರಿಂದ ಅದರ ಬೆನ್ನಿನ ಗುಳಿಯನ್ನು ಪೂರ್ತಿ ಆಳಕ್ಕೆ ಕೊರೆದಿರುವುದಿಲ್ಲ. ಪುಸ್ತಕ ಹೇಳಿದ್ದು ಇನ್ನೊಂದು ಥರದ ಎಂಜಿನ್ನಿನ ವಿಷಯ.

ಗೇರ್‌ಬಾಕ್ಸು ಕೈಯಲ್ಲಿ ಕೂರಲಿಲ್ಲ. ಅದಕ್ಕೂ ಎಂಜಿನ್ನಿನ ಬೆನ್ನಿಗೂ ನಡುವೆ ಡೈಮ್ ನಾಣ್ಯವೊಂದು ನುಸುಳುವಷ್ಟು ಸಂದು ಉಳಿಯಿತು. ಅಲುಗಾಡಿಸಿದ, ಬೈದ, ಮೊಣಕಾಲಿನಿಂದ ಒತ್ತಿದ. ಕೊನೆಗೆ ನಾಲ್ಕೂ ಬೋಲ್ಟು ಹಾಕಿ, ಒಂದೊಂದನ್ನೂ ಕಾಲು ಕಾಲು ಸುತ್ತು ತಿರುಗಿಸುತ್ತ, ಎಳೆದು ಕೂರಿಸಿದ. ಸಂದು ಮುಚ್ಚಿತು. ಮುಚ್ಚಿದ್ದು ಕಂಡು ಅವನಿಗೆ ಹೆಮ್ಮೆಯೂ ಆಯಿತು. ನೀಲಿ ಮಣ್ಣಿನ ಪೊಟ್ಟಣ ಕಿಟಕಿಯ ಮೇಲೆ ಬಿಸಿಲಿಗೆ ಒಣಗಿ ಬಿರುಕು ಬಿಟ್ಟಿತು.

ಇದಿಷ್ಟೂ ಅವನಿಗೆ ಜ್ಞಾಪಕವಾದದ್ದು ಪೈ ಪ್ರಸಂಗದ ಮರುದಿನ, ಭಾನುವಾರ ಮಧ್ಯಾಹ್ನ, ಗೇರ್‌ಬಾಕ್ಸನ್ನು ಕೆಳಗಿಳಿಸಿ ಶಾಫ್ಟಿನ ತುದಿ ನೋಡಿದಾಗ. ಇಳಿಸಿದ್ದು ಕ್ಲೆಲ್‌ನ ಮುಂದೆ ಒಯ್ದು ದೊಪ್ಪೆಂದು ಹಾಕಿ "ನೋಡಿ ನಿಮ್ಮ ಕೆಲಸ" ಅನ್ನುವುದಕ್ಕೆ. ಆ ಮಾತನ್ನು ಎರಡು ಮೂರು ಥರ ಅಂದು ನೋಡಿಕೊಂಡೂ ಆಗಿತ್ತು. ಶಾಫ್ಟಿನ ತುದಿ ಕನ್ನಡಿಯಂತೆ ಹೊಳೆಯುತ್ತಿತ್ತು. ಅಂಚು ಅಣಬೆಯಂತೆ ಅರಳಿತ್ತು. ಅಷ್ಟು ದಿನ ಅದು ಗುಳಿಯ ತಳಕ್ಕೆ ಹಣೆ ಒತ್ತಿಕೊಂಡು ನಿಂತಿತ್ತು. ಎಂಜಿನ್ನು ತಿರುಗಿದಾಗ ತಾನೂ ತಿರುಗುತ್ತಿತ್ತು, ಕ್ಲಚ್ ಒತ್ತಲಿ ಬಿಡಲಿ.

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಅವಳಾದರೂ ಪುಣ್ಯವಂತೆ, ಮೈಕಿನಲ್ಲಿ ಅನ್ನಲಿಲ್ಲ.

ನಾರಿಸ್ ಗ್ಯಾರೇಜಿನ ತಣ್ಣನೆಯ ನೆಲದ ಮೇಲೆ ಬಹಳ ಹೊತ್ತು ಕೂತ. ತುದಿಯನ್ನು ಅರದಿಂದ ಉಜ್ಜಿ ಹೊಳಪು ಕೆಡಿಸಿದರೆ ಹೇಗೆ ಎಂಬ ಯೋಚನೆಯೂ ಬಂತು. ಅರ ತಂದ. ಒಂದು ಸಲ ಉಜ್ಜಿದ. ಗಟ್ಟಿ ಉಕ್ಕಿನ ಮೇಲೆ ಅರ ಜಾರಿ ಅವನ ಹೆಬ್ಬೆರಳಿಗೆ ತಗುಲಿತು. ಅರವನ್ನು ಮತ್ತೆ ಅದರ ಜಾಗದಲ್ಲಿಟ್ಟ.

ಮೂರು ದಿನ ಕ್ಲೆಲ್‌ನ ಹತ್ತಿರ ಹೋಗಲಿಲ್ಲ. ಆ ಮೂರು ದಿನದಲ್ಲಿ ಊರಿನ ಬಾಯಿ ತನ್ನ ಕೆಲಸ ಮಾಡಿತು. ಕ್ಷೌರದಂಗಡಿಯಲ್ಲಿ ಒಬ್ಬ "ಕ್ಲೆಲ್‌ಗೆ ಕಣ್ಣು ಮಂಜಾಗಿದ್ಯಂತೆ" ಅಂದ. ಪೆಟ್ರೋಲ್ ಬಂಕಿನಲ್ಲಿ ಇನ್ನೊಬ್ಬ "ಕೈ ನಡುಗುತ್ತಂತೆ, ಪಾಪ" ಅಂದು, ಯಾರು ಹೇಳಿದರು ಎಂದರೆ "ಮೇಷ್ಟ್ರೇ ಹೇಳಿದ್ರಲ್ಲ, ಮೈಕಲ್ಲಿ" ಅಂದ. ಮೇಷ್ಟ್ರು ಕಣ್ಣಿನ ಮಾತೂ ಆಡಿರಲಿಲ್ಲ, ಕೈಯ ಮಾತೂ ಆಡಿರಲಿಲ್ಲ. ಆದರೆ ಮೇಷ್ಟ್ರ ಮಾತೆಂದರೆ ಊರಿನಲ್ಲಿ ಅದಕ್ಕೊಂದು ತೂಕ. ಆ ತೂಕವೇ ಈಗ ನಾರಿಸ್‌ನ ಎದೆಯ ಮೇಲೆ ಕೂತಿತ್ತು. ಮುದುಕನ ಹತ್ತಿರ ಇದ್ದದ್ದು ಒಂದು ಹೆಸರು. ಅದನ್ನು ತಾನು ಒಂದು ಉಸಿರಿನಲ್ಲಿ ಊದಿಬಿಟ್ಟಿದ್ದ.

ಬುಧವಾರ ಬೆಳಗ್ಗೆ ಗೇರ್‌ಬಾಕ್ಸನ್ನು ಪಿಕಪ್ಪಿಗೆ ಹಾಕಿಕೊಂಡು ಹೋದ. ದಾರಿಯುದ್ದಕ್ಕೂ ಅಭ್ಯಾಸ ಮಾಡಿದ ಮಾತು ಬೇರೆ: "ಕ್ಲೆಲ್, ತಪ್ಪು ನಂದು, ಎಲ್ರ ಮುಂದೆ ಹೇಳ್ತೀನಿ." ಹಾಲಿನ ಕೋಣೆಯ ಬಾಗಿಲಲ್ಲಿ ಮಾರೀನ್ ಬಟಾಣಿ ಬಿಡಿಸುತ್ತ ಕೂತಿದ್ದಳು. ಪಕ್ಕದ ಸ್ಟೂಲಿನ ಮೇಲೆ ಫೋನು. ಕ್ಲೆಲ್‌ನ ಫೋನಿಗೆ ಉತ್ತರಿಸುವವಳು ಅವಳೇ.

"ಬಾ ನಾರಿಸ್," ಎಂದಳು, ಕಣ್ಣೆತ್ತದೆ. "ಈ ವಾರ ಫೋನು ತುಂಬ ಆರಾಮಾಗಿದೆ. ಬಟಾಣಿ ಎಲ್ಲಾ ಬಿಡಿಸಿ ಮುಗೀತು. ನಿನ್ನಿಂದ ಉಪಕಾರ ಆಯ್ತಪ್ಪ."

ಅಭ್ಯಾಸ ಮಾಡಿದ ಮಾತು ಅಲ್ಲೇ ಒಣಗಿತು.

ಕ್ಲೆಲ್ ಹೊರಗೆ ಬಂದು ಪಿಕಪ್ಪಿನ ಹಿಂಬದಿ ತೆರೆದ. ಗೇರ್‌ಬಾಕ್ಸನ್ನು ಹಲಗೆಯ ಮೇಲಿಟ್ಟು, ಮೂತಿ ಬಿಚ್ಚಿ, ಶಾಫ್ಟನ್ನು ಹೊರಗೆಳೆದು, ತುದಿಯ ಮೇಲೆ ತನ್ನ ಮೊಂಡು ಬೆರಳನ್ನು ಒಂದು ಸುತ್ತು ಆಡಿಸಿದ. ಅರ ಗೀರಿದ್ದ ಜಾಗದಲ್ಲಿ ಬೆರಳು ನಿಂತಿತು. ನಾರಿಸ್‌ನ ಹೆಬ್ಬೆರಳಿನ ಪಟ್ಟಿಯನ್ನು ನೋಡಿದ. ಮತ್ತೆ ಶಾಫ್ಟು.

"ಮೇಷ್ಟ್ರೇ, ಎಂಜಿನ್ ಎಷ್ಟು ಹೊತ್ತು ಓಡ್ತು, ಇದನ್ನ ಹಾಕಿದ್ಮೇಲೆ?"

"ಹತ್ತು ನಿಮಿಷ. ಮನೇಲಿ ನ್ಯೂಟ್ರಲ್‌ನಲ್ಲಿ, ಆಮೇಲೆ ಅಲ್ಲಿ. ಟ್ರೇಲರ್ ಮೇಲೆ ತಂದಿದ್ದು."

"ಒಳ್ಳೇದು."

ಅಷ್ಟೇ. ಒಂದು ಬೈಗುಳ ಬಂದಿದ್ದರೆ ನಾರಿಸ್ ಅದನ್ನು ಹಿಡಿದು ಮೇಲೆ ಹತ್ತಬಹುದಿತ್ತು.

ಅವನು ಇನ್ನೇನು ಬಾಯಿ ತೆರೆಯಬೇಕು, ಹೊರಗೆ ಟ್ರಕ್ಕು ನಿಂತ ಸದ್ದಾಯಿತು. ಹಾರ್ಲನ್ ಫೆಸ್ಲರ್ ಒಳಗೆ ಬಂದ. ಹಾರ್ಲನ್‌ನ ಪ್ಲಿಮತ್ ಕಾರಿಗಿಂತ ಜೋರಾಗಿ ಕೂಗುವ ಕಾರು ಆ ಕೌಂಟಿಯಲ್ಲಿಲ್ಲ. ಅದರ ಗೇರ್‌ಬಾಕ್ಸು ಎರಡು ವಾರದಿಂದ ಕ್ಲೆಲ್‌ನ ಮೂಲೆಯಲ್ಲಿ ಸರದಿ ಕಾಯುತ್ತಿತ್ತು. ಹಾರ್ಲನ್ ಟೋಪಿ ತೆಗೆದು ಮತ್ತೆ ಹಾಕಿಕೊಂಡ.

"ಕ್ಲೆಲ್, ನನ್ನ ಬಾಕ್ಸ್ ಬಿಚ್ಚಿದೀರಾ?"

"ಇನ್ನೂ ಇಲ್ಲ."

"ಹಂಗಾದ್ರೆ, ಅದೂ... ಈ ಸಲ ಬೇರೆ ಕಡೆ ತೋರಿಸೋಣ ಅಂತ. ತಪ್ಪು ತಿಳ್ಕೋಬೇಡಿ. ವಯಸ್ಸಾದ್ಮೇಲೆ ನೀವೂ ಸ್ವಲ್ಪ ರೆಸ್ಟ್ ತಗೋಬೇಕು." ಆಮೇಲೆ ನಾರಿಸ್‌ನನ್ನು ನೋಡಿ ಅನುಕಂಪದಿಂದ ತಲೆ ಆಡಿಸಿದ. "ಮೇಷ್ಟ್ರೇ, ನಿಮ್ದೂ ವಾಪಸ್ ತಂದ್ರಾ? ಏನ್ ಹೋಗಿತ್ತಂತೆ ಒಳಗೆ?"

ಇದು ಆ ಕ್ಷಣ. ಬಾಗಿಲು ತಾನಾಗಿ ತೆರೆದಿತ್ತು; ದಾಟಿದ್ದರೆ ಸಾಕಿತ್ತು. ನಾರಿಸ್ ಮಾಡಿದ್ದೇನೆಂದರೆ, ಹಲಗೆಯ ಮೇಲಿದ್ದ ಎಣ್ಣೆ ಬಟ್ಟೆಯನ್ನು ಎಳೆದು, ಹೊಳೆಯುತ್ತಿದ್ದ ಶಾಫ್ಟಿನ ತುದಿಯ ಮೇಲೆ, ಸತ್ತವರ ಮುಖಕ್ಕೆ ಹೊದಿಸುವ ಹಾಗೆ, ಹೊದಿಸಿದ.

"ನೋಡ್ತಾ ಇದೀವಿ," ಎಂದ.

ಕ್ಲೆಲ್ ಬಟ್ಟೆಯನ್ನು ನೋಡಿದ. ಹಾರ್ಲನ್‌ನ ಗೇರ್‌ಬಾಕ್ಸನ್ನು ಹೊತ್ತು ಟ್ರಕ್ಕಿಗೆ ಹಾಕಲು ತಾನೇ ಕೈಕೊಟ್ಟ. ಒಳಗೆ ಬಂದು, ಡಬ್ಬಿಯಿಂದ ನೀಲಿ ಮಣ್ಣು ತೆಗೆದು, ಮೇಣದ ಕಾಗದದಲ್ಲಿ ಸುತ್ತಿ, ಮತ್ತೆ ಹೋಗಿ ಹಾರ್ಲನ್‌ನ ಕೈಗಿಟ್ಟ. "ಕಟ್ಟೋದು ಯಾರಾದ್ರೂ ಆಗ್ಲಿ. ಇದನ್ನ ಮಾತ್ರ ನೋಡು." ಟ್ರಕ್ಕು ಹೋಯಿತು. ಹೊರಗಿನಿಂದ ಮಾರೀನ್‌ಳ ಪಾತ್ರೆಗೆ ಬಟಾಣಿ ಬೀಳುವ ಸದ್ದು ಮಾತ್ರ ಉಳಿಯಿತು. ಮುಗಿಯಿತು ಎಂದಿದ್ದಳಲ್ಲ, ಮುಗಿದಿರಲಿಲ್ಲ.

ನಾರಿಸ್‌ಗೆ ನೆಲ ಬಿರಿದು ಒಳಗೆ ಹೋದರೂ ಸಾಲದು ಅನ್ನಿಸಿತು. ಆ ಸಿಮೆಂಟು ನೆಲ ಬಿರಿಯುವಂಥದ್ದೂ ಆಗಿರಲಿಲ್ಲ.

"ಕ್ಲೆಲ್," ಅಂದ ಕೊನೆಗೆ, ಧ್ವನಿ ಅವನದೇ ತರಗತಿಯ ಹಿಂದಿನ ಬೆಂಚಿನದಾಗಿತ್ತು. "ನಾನು ಮಣ್ಣಿಟ್ಟು ನೋಡ್ಲಿಲ್ಲ. ಬೋಲ್ಟ್ ಹಾಕಿ ಎಳ್ದೆ."

"ಹೂಂ," ಎಂದ ಕ್ಲೆಲ್. "ಆ ನೀರಿನ ಮಗ್ ಕೊಡಿ."

ಅರ್ಧ ದಿನ ಕೆಲಸ ನಡೆಯಿತು. ಕ್ಲೆಲ್ ಶಾಫ್ಟನ್ನು ಬೆಂಚಿನ ಇಕ್ಕಳದಲ್ಲಿ ಬಿಗಿದ, ತುದಿಯಿಂದ ಕಾಲು ಇಂಚಿಗೆ ಸೀಮೆಸುಣ್ಣದಲ್ಲಿ ಸುತ್ತಲೂ ಗೆರೆ ಹಾಕಿದ, ತಿರುಗುವ ಕಲ್ಲಿನ ಚಕ್ರದಿಂದ ಕೊಯ್ಯತೊಡಗಿದ. ಒಂದು ಕ್ಷಣ ಕೊಯ್ಯುವುದು, ನಿಲ್ಲಿಸುವುದು, ನಾರಿಸ್ ನೀರು ಬಿಡುವುದು, ಕ್ಲೆಲ್ ಹೆಬ್ಬೆರಳು ಇಟ್ಟು ನೋಡುವುದು. ಬೆರಳು ತಾಳಲಾರದಷ್ಟು ಕಾದರೆ ಉಕ್ಕಿನ ಗಟ್ಟಿತನ ಹೋಗುತ್ತದೆ. ಅವಸರವಿಲ್ಲ. ನಾರಿಸ್ ನಡುನಡುವೆ ಕ್ಷಮೆಯ ಮಾತಿಗೆ ಬಾಯಿ ತೆರೆದಾಗೆಲ್ಲ ಕ್ಲೆಲ್ "ನೀರು" ಅನ್ನುತ್ತಿದ್ದ. ಕೊನೆಗೊಮ್ಮೆ ತುಂಡು ಟಣ್ಣೆಂದು ತೊಟ್ಟಿಯೊಳಗೆ ಬಿತ್ತು. ಕ್ಲೆಲ್ ಹೊಸ ತುದಿಯ ಅಂಚನ್ನು ಸುತ್ತಲೂ ಇಳಿಜಾರು ಮಾಡಿ, ತೊಳೆದು, ಒಂದೂ ಕಣ ಉಳಿಯದಂತೆ ಗಾಳಿ ಊದಿ, ಶಾಫ್ಟನ್ನು ಮತ್ತೆ ಬಾಕ್ಸಿಗೆ ಸೇರಿಸಿದ.

ಮಧ್ಯಾಹ್ನ ಇಬ್ಬರೂ ನಾರಿಸ್‌ನ ಗ್ಯಾರೇಜಿಗೆ ಹೋದರು. ಕ್ಲೆಲ್ ಕಾರಿನ ಕೆಳಗೆ ಮಲಗಿ, ಎಂಜಿನ್ನಿನ ಮುಖ್ಯ ದಂಡವನ್ನು ಸನ್ನೆಕೋಲಿನಿಂದ ಹಿಂದೆ ಮುಂದೆ ಮೀಟಿ, ಅಳತೆಯ ಮುಳ್ಳನ್ನು ನೋಡಿದ. ಬೋಲ್ಟಿನ ಎಳೆತಕ್ಕೆ ಸಿಕ್ಕ ಶಾಫ್ಟು ಆ ದಂಡವನ್ನು ಅದರ ಬೇರಿಂಗಿಗೆ ಒತ್ತಿಡುತ್ತದೆ. ಹೆಚ್ಚು ಓಡಿಸಿದ್ದರೆ ಎಂಜಿನ್ನೇ ಹೋಗುತ್ತಿತ್ತು. "ಬದುಕಿದೆ," ಎಂದ ಕೆಳಗಿನಿಂದ. "ಪೈ ಮೇಜು ಹತ್ರ ಇದ್ದಿದ್ದು ಒಳ್ಳೇದಾಯ್ತು."

ಆಮೇಲೆ ಮಣ್ಣು. ಈ ಸಲ ನಾರಿಸ್ ತಾನೇ ಉರುಟು ಮಾಡಿ, ಗುಳಿಯೊಳಗೆ ಅಂಟಿಸಿ, ಗೇರ್‌ಬಾಕ್ಸನ್ನು ಎತ್ತಿ ಸರಿಸಿದ. ಅದು ಕೈಯಲ್ಲೇ, ಡ್ರಾಯರು ಮುಚ್ಚಿದಷ್ಟು ಸಲೀಸಾಗಿ, ಹೋಗಿ ಕೂತಿತು. ಮತ್ತೆ ಇಳಿಸಿ ಮಣ್ಣನ್ನು ಹೊರತೆಗೆದರೆ ಅದರ ತಳದಲ್ಲಿ ಮೂರು ನಾಣ್ಯ ಪೇರಿಸಿದಷ್ಟು ದಪ್ಪದ ನೀಲಿ ಬಿಲ್ಲೆ ಉಳಿದಿತ್ತು. ನಾರಿಸ್ ಅದನ್ನು ಅಂಗೈಯಲ್ಲಿಟ್ಟುಕೊಂಡು ನೋಡುತ್ತ ನಿಂತ. ಚೌಕದ ಹಾಳೆಯ ಮೇಲಿನ ಎರಡು ಗೆರೆಗಿಂತ ಅದು ಹೆಚ್ಚು ನಿಜವಾಗಿತ್ತು. ಗುಳಿಯನ್ನು ಬಟ್ಟೆಯಿಂದ ಒರೆಸಿ, ಬಾಕ್ಸನ್ನು ಕೂರಿಸಿದರು. ಬೋಲ್ಟು ಹಾಕುವ ಮೊದಲು ಕ್ಲೆಲ್ ಸಂದಿನಲ್ಲಿ ಉಗುರು ಆಡಿಸಿದ. ಉಗುರು ಹೋಗಲಿಲ್ಲ.

"ಶನಿವಾರ ಹೇಳ್ತೀನಿ," ಎಂದ ನಾರಿಸ್. "ಎಲ್ಲಿ ಅಂದ್ನೋ ಅಲ್ಲೇ. ಮೈಕಲ್ಲೇ."

ಕ್ಲೆಲ್ ಕೈ ಒರೆಸಿಕೊಂಡ.

ಗುರುವಾರ, ಶುಕ್ರವಾರ ನಾರಿಸ್‌ಗೆ ಊಟ ಸೇರಲಿಲ್ಲ. ಮೈಕಿಲ್ಲದೆ ಆಗುವ ದಾರಿಗಳನ್ನು ಹುಡುಕಿದ: ಕ್ಷೌರದಂಗಡಿಯಲ್ಲಿ ಒಬ್ಬರಿಗೆ ಹೇಳಿದರೆ ಊರಿಗೆ ಹೇಳಿದಂತೆಯೇ ಅಲ್ಲವೆ. ಹಾರ್ಲನ್‌ಗೆ ಫೋನು ಮಾಡಿದರೆ ಸಾಲದೆ. ಸುಳ್ಳಿಗೆ ಮೈಕು, ನಿಜಕ್ಕೆ ಪಿಸುಮಾತು. ಹೀಗೆ ಲೆಕ್ಕ ಹಾಕಿಕೊಂಡವನಿಗೆ ತನ್ನ ಬಗ್ಗೆಯೇ ಹೇಸಿಗೆ ಹುಟ್ಟಿತು. ಶನಿವಾರ ಬೆಳಗ್ಗೆ ಅಟ್ಟಣೆಯ ಏಣಿ ಹತ್ತಿ ಡಬ್‌ನ ಮುಂದೆ ನಿಂತ.

"ಮೈಕ್ ಕೊಡು ಡಬ್. ಎರಡು ನಿಮಿಷ."

"ಪೈ ಬಗ್ಗೇನಾ?" ಡಬ್ ಕಣ್ಣು ಅರಳಿಸಿದ. "ಹೆಂಗಸ್ರು ಇವತ್ತು ಮೇಜನ್ನ ಬೇಲಿ ಆಚೆ ಹಾಕಿದಾರೆ, ನಿಮ್ಗೋಸ್ಕರ."

"ಕೊಡು ಅಂದೆ."

ಕೆಳಗೆ ಜನ ತಲೆಯೆತ್ತಿದರು. ಮೈಕು ಒಮ್ಮೆ ಕಿರುಚಿತು.

"ಹೋದ ವಾರ ನಾನು ಕ್ಲೆಲ್ ಗೇರ್‌ಬಾಕ್ಸ್ ಸರಿಯಿಲ್ಲ ಅಂದೆ," ಎಂದು ಶುರುಮಾಡಿದ. "ಅದು ಸುಳ್ಳು. ಬಾಕ್ಸ್ ಸರಿಯಾಗೇ ಇತ್ತು. ಅವರು ಮಣ್ಣಿಟ್ಟು ಅಳೆಯೋಕೆ ಹೇಳಿದ್ರು, ನಾನು ಅಳೀಲಿಲ್ಲ. ಕೈಯಲ್ಲಿ ಕೂರ್ಲಿಲ್ಲ, ಬೋಲ್ಟ್ ಹಾಕಿ ಎಳೆದೆ."

ಬೋಲ್ಟಿನ ಮಾತು ಬಂದದ್ದೇ ತಡ ಕೆಳಗಿನಿಂದ ಒಂದು ನಿಟ್ಟುಸಿರೆದ್ದಿತು, ಶವಸಂಸ್ಕಾರದಲ್ಲಿ ಏಳುವಂಥದ್ದು. ಆಮೇಲೆ ನಗು. ಹಿಂದಿನಿಂದ ಯಾರೋ, ಧ್ವನಿ ಕೇಳಿದರೆ ಎಪ್ಪತ್ತೆಂಟನೆ ಇಸವಿಯ ತರಗತಿಯವನು, "ನಪಾಸು, ಮೇಷ್ಟ್ರೇ" ಎಂದು ಕೂಗಿದ.

"ಹೌದು, ನಪಾಸು," ಎಂದ ನಾರಿಸ್. ಅವನ ಕಿವಿ ಸುಡುತ್ತಿತ್ತು. "ಅಷ್ಟೇ ಅಲ್ಲ. ತಪ್ಪು ಗೊತ್ತಾದ್ಮೇಲೂ ಬುಧವಾರ ಹಾರ್ಲನ್ ಕೇಳ್ದಾಗ ಬಟ್ಟೆ ಮುಚ್ಚಿ ಸುಮ್ನಾದೆ. ಕ್ಲೆಲ್ ಕಣ್ಣು ಚೆನ್ನಾಗಿದೆ. ಕೈ ಚೆನ್ನಾಗಿದೆ. ಸರಿಯಿಲ್ದೇ ಇದ್ದಿದ್ದು ನಾನು."

ಮೈಕು ಕೊಟ್ಟು ಇಳಿದ. ಏಣಿಯ ಹನ್ನೊಂದು ಮೆಟ್ಟಿಲು ಅವನಿಗೆ ಗುಡ್ಡದಷ್ಟು ಉದ್ದವಾಯಿತು. ಹಾರ್ಲನ್ ಸಾಲಿನಲ್ಲಿ ನಿಂತಿದ್ದ ತನ್ನ ಪ್ಲಿಮತ್ತಿನಲ್ಲಿ, ಹಳೆಯ ಗೇರ್‌ಬಾಕ್ಸೊಂದನ್ನು ತಾತ್ಕಾಲಿಕವಾಗಿ ಏರಿಸಿಕೊಂಡು, ಎಂಜಿನ್ನು ಇನ್ನೂ ಸ್ಟಾರ್ಟ್ ಮಾಡದೆ, ಸ್ಟೀರಿಂಗಿನ ಹಿಂದೆ ಕೂತಿದ್ದ. ನಾರಿಸ್‌ನ ಕಡೆ ತಿರುಗಲಿಲ್ಲ. ಒಬ್ಬಿಬ್ಬರು ಬೆನ್ನು ತಟ್ಟಿದರು. ಉಳಿದವರು ದಾರಿ ಬಿಟ್ಟರು.

ಕ್ಲೆಲ್ ಬೇಲಿಯ ಹತ್ತಿರ ಮಡಚುವ ಕುರ್ಚಿ ಹಾಕಿಕೊಂಡು ಕೂತಿದ್ದ. ಮಾರೀನ್ ಪಕ್ಕದಲ್ಲಿ ಹೊಲಿಗೆ ಹಾಕುತ್ತಿದ್ದಳು. ನಾರಿಸ್‌ನನ್ನು ನೋಡಿ, ಒಂದು ವಾರದಲ್ಲಿ ಮೊದಲ ಸಲ, ಸರಿ ಎಂಬಂತೆ ತಲೆ ಆಡಿಸಿದಳು. ನಾರಿಸ್ ಮುದುಕನ ಮುಂದೆ ನಿಂತ. ಬೆವರು ಕಣ್ಣಿಗಿಳಿಯುತ್ತಿತ್ತು.

"ಹೇಳ್ದೆ ಕ್ಲೆಲ್," ಎಂದ. "ಎಲ್ಲಾ ಹೇಳ್ಬಿಟ್ಟೆ. ಕೇಳಿಸ್ತಾ?"

ಕ್ಲೆಲ್ ಮೊಂಡು ಬೆರಳಿನ ಕೈಯನ್ನು ಕಿವಿಗೆ ಆನಿಸಿಕೊಂಡ.

"ಹಾರ್ಲನ್ ಎಂಜಿನ್ ಸ್ಟಾರ್ಟ್ ಮಾಡ್ಬಿಟ್ಟ ಮೇಷ್ಟ್ರೇ, ಒಂದಕ್ಷರ ಕೇಳಿಸ್ಲಿಲ್ಲ. ಇನ್ನೊಂದ್ಸಲ ಹೋಗಿ ಹೇಳಿ."